ಮೂರು ಮೀಟರು, ಒಂದು ಇಲಿ

"ಮೇಷ್ಟ್ರೇ, ಇಲಿಗಳ ರಕ್ತದ ಸಕ್ಕರೆ ಅಳೆಯಲು ಯಾವ ಮೀಟರು ತರಿಸಲಿ?" ಎಂದು ತಿಪ್ಪೇಶ ಕೇಳಿದ. ಅವನ ತೋರುಬೆರಳಿಗೆ ಪಟ್ಟಿ ಸುತ್ತಿತ್ತು. ಬೆಳಿಗ್ಗೆ ಇಲಿ ಕಚ್ಚಿತ್ತು. ಎರಡು ವರ್ಷ ದುಡಿದು ತಯಾರಿಸಿದ ಔಷಧಕ್ಕೆ ಇಲಿಗಳ ಸಕ್ಕರೆ ಇಳಿಯುತ್ತಲೇ ಇರಲಿಲ್ಲ. ತಪ್ಪು ಹಳೆಯ ಮೀಟರಿನದೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಪುಟ್ಟಮಾದಯ್ಯ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಸಂಶೋಧಕನಿದ್ದ. ಓದಿನಲ್ಲಿ ಅವನನ್ನು ಮೀರಿಸುವವರಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅವನೂ ಸಕ್ಕರೆ ಕಾಯಿಲೆಗೆ ಒಂದು ಔಷಧ ಕಂಡುಹಿಡಿದಿದ್ದ. ಅದರ ಗುಣವನ್ನು ಆ ವರ್ಷದೊಳಗೆ ತೋರಿಸದಿದ್ದರೆ ಆರು ವರ್ಷದ ದುಡಿಮೆ ನೀರಿನಲ್ಲಿ ಮಾಡಿದ ಹೋಮ. ಸಾಸಿವೆಯಷ್ಟು ರಕ್ತ ಸಾಕೆನ್ನುವ ಮೂರು ಮೀಟರು ತರಿಸಿದ. ಔಷಧ ಕೊಟ್ಟ ಒಂದೇ ಇಲಿಯನ್ನು ಹಿಡಿದು, ಬಾಲದ ತುದಿ ಚುಚ್ಚಿ, ಒಂದಾದ ಮೇಲೊಂದರಲ್ಲಿ ಅಳೆದ. ಪ್ರತಿ ಸಲವೂ ಅದು ಕೈ ತಪ್ಪಿಸಿಕೊಂಡು ಗೂಡಿಡೀ ಓಡುತ್ತಿತ್ತು, ಅಟ್ಟಾಡಿಸಿ ಹಿಡಿಯುತ್ತಿದ್ದ. ಮೊದಲನೆಯ ಮೀಟರು ನೂರಮೂವತ್ತು ತೋರಿಸಿತು, ಎರಡನೆಯದು ನೂರೈವತ್ತು, ಮೂರನೆಯದು ನೂರೆಪ್ಪತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರಲ್ಲ, ಹಾಗೆ, "ಇವೆರಡೂ ಸುಳ್ಳುಬುರುಕ ಮೀಟರು" ಎಂದು ಸಕ್ಕರೆ ಹೆಚ್ಚು ತೋರಿಸಿದ ಕೊನೆಯ ಎರಡನ್ನು ಬದಿಗಿಟ್ಟ.

ಇಲಿಗಳಿಗೆ ಆಹಾರ, ನೀರು ಇಡುವ ಒಬ್ಬ ಹೆಂಗಸು ಅಲ್ಲಿದ್ದಳು. "ಸ್ವಾಮಿ, ನಾಳೆ ಮೂರನೆಯದರಿಂದ ಶುರುಮಾಡಿ ನೋಡಿ" ಎಂದಳು.

ಮರುದಿನ ಹಾಗೆಯೇ ಮಾಡಿದ. ಮೂರನೆಯದು ನೂರಮೂವತ್ತು ತೋರಿಸಿತು. ನಿನ್ನೆಯ ಸತ್ಯವಂತ ಮೊದಲನೆಯದು ನೂರೆಪ್ಪತ್ತು. ಅವನ ಮುಖ ಹುಳ್ಳಗಾಯಿತು.

ಅವಳು ಇಲಿಯನ್ನು ಒಂದು ಗಂಟೆ ಅದರ ಪಾಡಿಗೆ ಬಿಟ್ಟಳು. ಆಮೇಲೆ ಅಂಗೈ ಚಾಚಿದಳು. ಅದು ತಾನಾಗಿ ಹತ್ತಿ ಬಂತು. ಈಗ ಮೂರು ಮೀಟರೂ ಒಂದೇ ಮಾತು ಹೇಳಿದವು, ನೂರರ ಆಸುಪಾಸು.

"ಹೆದರಿದ ಜೀವಕ್ಕೆ ಸಕ್ಕರೆ ಏರದೆ ಇನ್ನೇನು ಸ್ವಾಮಿ? ಹದಿನೆಂಟು ವರ್ಷವಾಯಿತು, ನನ್ನನ್ನು ಒಂದು ಇಲಿಯೂ ಕಚ್ಚಿಲ್ಲ" ಎಂದು ತಲೆಯೆತ್ತಿ ಹೇಳಿದಳು. ಆ ಹೆಮ್ಮೆ ಅವಳಿಗೆ ಒಪ್ಪುತ್ತಿತ್ತು. ಸಂಶೋಧಕ ತನ್ನ ಹೆಮ್ಮೆಯನ್ನು ಗೂಟಕ್ಕೆ ನೇತುಹಾಕಿ, ತಿಂಗಳಿಡೀ ಅವಳ ಬಳಿ ಇಲಿ ಹಿಡಿಯುವುದನ್ನು ಕಲಿತ. ಔಷಧಕ್ಕೆ ಸಕ್ಕರೆ ಇಳಿಯುತ್ತಿದ್ದುದು ಆಗ ಕಣ್ಣಿಗೆ ಬಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. "ಕೊನೆಗೆ ಅವನು ಆರಿಸಿದ್ದು ಯಾವ ಮೀಟರು ಮೇಷ್ಟ್ರೇ?" ಎಂದ ತಿಪ್ಪೇಶ.

ಮೇಷ್ಟ್ರು ಅವನ ಬೆರಳಿನ ಪಟ್ಟಿಯನ್ನು ನೋಡಿದರು. "ಇಲಿ ಕಚ್ಚದ ಕೈಗೆ ಮೂರರಲ್ಲಿ ಯಾವುದಾದರೂ ಆದೀತು."

ತಿಪ್ಪೇಶ ಬೆರಳು ಮಡಚಿಕೊಂಡ.