ಮಂಜಿನಲ್ಲಿ ಅಪ್ಪನ ಗಡಿಯಾರ

"ಗುರುಗಳೇ, ತಾನು ಎಲ್ಲಿದ್ದೇನೆಂದು ಈ ಮೊಬೈಲಿಗೆ ಹೇಗೆ ತಿಳಿಯುತ್ತದೆ?" ಎಂದು ಶಿಷ್ಯ ಕೇಳಿದ. ಹೆಗಲಲ್ಲಿ ಚೀಲವಿತ್ತು. ಅಡಿಗೆಯವರು, ಉಗ್ರಾಣದವರು, ಹಿರಿಯ ಸ್ವಾಮಿಗಳು, ಮೂವರೂ ತನ್ನಿಂದ ದೂರವಾದರೆಂದು ಅವನು ಮಠ ಬಿಟ್ಟು ಹೊರಟಿದ್ದ. ಬಸ್ ನಿಲ್ದಾಣದ ದಾರಿ ಮಾತ್ರ ಗೊತ್ತಿರಲಿಲ್ಲ, ಅದನ್ನು ಮೊಬೈಲು ತೋರಿಸುತ್ತಿತ್ತು.

ಗುರುಗಳು ಕತೆ ತೆಗೆದರು.

ಒಬ್ಬ ಮೀನುಗಾರನ ಕೈಯಲ್ಲಿ ತೀರಿಹೋದ ಅಪ್ಪನ ಗಡಿಯಾರವಿತ್ತು. ಅವನ ಚಿಕ್ಕಂದಿನಲ್ಲಿ ಅಪ್ಪ ದಿನಾ ಬೆಳಿಗ್ಗೆ ಅದಕ್ಕೆ ಕೀಲಿ ಕೊಟ್ಟು, "ಕೇಳು ಮಗಾ, ಉಸಿರಾಡ್ತಿದೆ" ಎಂದು ಅವನ ಕಿವಿಗೆ ಹಿಡಿಯುತ್ತಿದ್ದ. ದಡದ ಮೂರು ಊರುಗಳಲ್ಲಿ ಸರಿಯಾಗಿ ಆರಕ್ಕೆ ಗುಡಿಯ ಗಂಟೆ, ಇಗರ್ಜಿಯ ಗಂಟೆ, ಹೆಂಚಿನ ಕಾರ್ಖಾನೆಯ ಸೈರನ್ನು, ಊರಿಗೊಂದರಂತೆ ಮೊಳಗುತ್ತಿದ್ದವು. "ಗಡಿಯಾರದಲ್ಲಿ ಆರಾದೊಡನೆ ಸೆಕೆಂಡು ಎಣಿಸು. ಸದ್ದು ಐದು ಸೆಕೆಂಡು ತಡವಾದರೆ ಒಂದು ಮೈಲಿ ದೂರ" ಎಂದು ಅಪ್ಪ ಕಲಿಸಿದ್ದ. ಹಲಗೆಯ ಮೇಲೆ ಊರುಗಳನ್ನು ಗುರುತಿಸಿ, ಒಂದೊಂದರ ಸುತ್ತ ಅಷ್ಟಷ್ಟು ದೂರಕ್ಕೆ ದುಂಡಗೆ ಗೆರೆ ಎಳೆದರೆ, ಮೂರೂ ಕೂಡುವಲ್ಲಿ ದೋಣಿ. ಅಪ್ಪ ಹೋದ ಮೇಲೂ ಆರು ಹೊಡೆದಾಗಲೆಲ್ಲ ಅವನು ಪಕ್ಕದಲ್ಲಿ ಕೂತಂತೆಯೇ ಇರುತ್ತಿತ್ತು.

ಒಂದು ಬೆಳಿಗ್ಗೆ ಮಂಜು ಕವಿಯಿತು. ಬಂಡೆಗೆ ಅಲೆ ಬಡಿಯುವುದು ಕೇಳಿಸಿತು. ಯಾವ ಕಡೆಯೆಂದು ತಿಳಿಯಲಿಲ್ಲ. ಆರಾಯಿತು. ಎಣಿಸಿ ಗೆರೆ ಎಳೆದ. ಮೂರೂ ಕೂಡಲಿಲ್ಲ. "ಇಗರ್ಜಿಯವನು ಮಲಗಿಬಿಟ್ಟಿದ್ದಾನೆ" ಎಂದು ಆ ಗೆರೆಯನ್ನು ಬಿಟ್ಟ. ದೋಣಿ ಒಂದು ಕಡೆ ಬಂತು. ಗುಡಿಯವನನ್ನು ಬೈದು ಬದಲಿಗೆ ಅವನ ಗೆರೆ ಬಿಟ್ಟ. ಇನ್ನೊಂದು ಕಡೆ ಬಂತು. ಕಾರ್ಖಾನೆಯವನನ್ನು ಬೈದ, ದೋಣಿ ನೇರ ಬಂಡೆಯ ಮೇಲೆ. ಗಡಿಯಾರವನ್ನು ಮಾತ್ರ ಬೈಯಲಿಲ್ಲ. ಅದು ಅಪ್ಪನದು.

ಅಲೆಯ ಸದ್ದು ಹತ್ತಿರವಾಯಿತು. ಕೊನೆಗೆ ಮೂರೂ ಎಣಿಕೆಯಿಂದ ಒಂದೊಂದು ಸೆಕೆಂಡು ಕಳೆದ. ಗೆರೆಗಳು ಹತ್ತಿರ ಸರಿದವು. ನಾಲ್ಕು ಕಳೆದಾಗ ಒಂದೇ ಚುಕ್ಕೆಯಲ್ಲಿ ಕೂಡಿದವು. "ಅಪ್ಪಾ, ನಾಲ್ಕು ಸೆಕೆಂಡು ಮುಂದಿದ್ದೆಯಲ್ಲ" ಎಂದು ಅತ್ತು, ಹುಟ್ಟು ಹಾಕಿ ಮನೆ ಸೇರಿದ.

"ಆಕಾಶದಲ್ಲಿ ಉಪಗ್ರಹಗಳು ಬಾರಿಸುವುದೂ ಇಂಥದೇ ಗಂಟೆ" ಎಂದರು ಗುರುಗಳು. "ಸದ್ದಿನ ಬದಲು ರೇಡಿಯೊ ಅಲೆ. ಎಲ್ಲಿಂದ ಹೊರಟೆ, ಯಾವಾಗ ಹೊರಟೆ ಎಂದಷ್ಟೇ ಅದು ಹೇಳುತ್ತದೆ. ಎತ್ತರವೂ ತಿಳಿಯಬೇಕಾದ್ದರಿಂದ ಅಲ್ಲಿ ನಾಲ್ಕು ಬೇಕು. ಮೊಬೈಲಿನ ಗಡಿಯಾರವೂ ಅಗ್ಗದ್ದು, ತಪ್ಪುವಂಥದ್ದೇ. ಆದರೆ ಅದಕ್ಕೆ ಅಪ್ಪನಿಲ್ಲ. ಎಲ್ಲ ದೂರಗಳೂ ಸಮಸಮವಾಗಿ ಹೆಚ್ಚಿದರೆ ತನ್ನದೇ ತಪ್ಪೆಂದು ಬೇಗ ಒಪ್ಪಿಕೊಳ್ಳುತ್ತದೆ."

ಶಿಷ್ಯ ಕೈಮುಗಿದು ಎದ್ದ. ಮೊಬೈಲು ಎಡಕ್ಕೆ ತಿರುಗಲು ಹೇಳಿತು. ಹೊಸ್ತಿಲಲ್ಲಿ ಗುರುಗಳು ಇನ್ನೊಂದು ಮಾತು ಕೇಳಿದರು.

"ಮಠದ ಆ ಮೂವರೂ ನಿನ್ನಿಂದ ಸಮಸಮವಾಗಿ ದೂರ ಹೋದರೇನಪ್ಪಾ?"