ಕುಂಬಾರರ ಹೂಂ

"ಗುರುಗಳೇ, ಹೊರದೇಶದ ದೊಡ್ಡ ಬ್ಯಾಂಕಿನವರು ಬಡವರ ಊರಲ್ಲಿ ಏನೇ ಮಾಡಿಸುವುದಿದ್ದರೂ ಮೊದಲು ಜನರನ್ನು ಕೇಳುತ್ತಾರಂತೆ. ಆದರೂ ಜನ ಯಾಕೆ ಹಾಳಾಗುತ್ತಾರೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಂದು ಕೆರೆಯ ಪಕ್ಕದಲ್ಲಿ ಕುಂಬಾರರ ಕೇರಿ ಇತ್ತು. ಬೇಸಿಗೆಯಲ್ಲಿ ಕೆರೆ ಒಣಗುತ್ತಿತ್ತು. ಆಗ ಅವರು ಕೆರೆಯಂಗಳಕ್ಕೆ ಇಳಿದು ವರ್ಷಕ್ಕಾಗುವಷ್ಟು ಜೇಡಿಮಣ್ಣು ತೆಗೆದಿಟ್ಟುಕೊಳ್ಳುತ್ತಿದ್ದರು. ಆ ಮಣ್ಣೇ ಅವರ ಅನ್ನ.

ಕಡಲಾಚೆಯ ಬ್ಯಾಂಕೊಂದು ಆ ಕೆರೆಯ ಏರಿ ಎತ್ತರಿಸಲು ದುಡ್ಡು ಕೊಡಲು ಮುಂದಾಯಿತು. ಜನ ಒಪ್ಪದೆ ಒಂದು ಕಲ್ಲನ್ನೂ ಇಡಬಾರದು ಎಂಬುದು ಆ ಬ್ಯಾಂಕಿನ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಒಬ್ಬ ಸಾಹೇಬ ಬಂದ. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದ.

"ಹೊಳೆಯ ನೀರನ್ನು ಈ ಕೆರೆಗೆ ತರುತ್ತೇವೆ," ಎಂದ.

"ಹೂಂ," ಎಂದರು ಕುಂಬಾರರು.

"ಕೆರೆ ವರ್ಷವಿಡೀ ತುಂಬಿರುತ್ತದೆ."

"ಹೂಂ."

"ನೀರು ಪೇಟೆಯ ಕಾರ್ಖಾನೆಗೆ ಹೋಗುತ್ತದೆ."

"ಹೂಂ."

ಗೋಡೆಗೊರಗಿ ತೂಕಡಿಸುತ್ತಿದ್ದ ಮುದುಕಿಯೊಬ್ಬಳು ನಿದ್ದೆಗಣ್ಣಲ್ಲೇ ಒಂದು ಹೂಂ ಹಾಕಿದಳು. ಸಾಹೇಬ ಅದನ್ನೂ ಬಿಡದೆ ಲೆಕ್ಕಕ್ಕೆ ಸೇರಿಸಿಕೊಂಡ.

ಅವನ ಮಾತು ಮುಗಿಯಲಿ, ಆಮೇಲೆ ಮಣ್ಣಿನ ವಿಷಯ ಎತ್ತೋಣ ಎಂದು ಕೇರಿಯ ಹಿರಿಯ ಕಾದಿದ್ದ. ಮಾತು ಮುಗಿಯಿತು. ಸಾಹೇಬ ಎಲ್ಲರ ಕೈ ಕುಲುಕಿ ಜೀಪು ಹತ್ತಿದ.

ಏರಿ ಎದ್ದಿತು. ಬೇಸಿಗೆ ಬಂದರೂ ಕೆರೆ ಒಣಗಲಿಲ್ಲ. ಮಣ್ಣೆಲ್ಲ ನೀರಿನಡಿ. ತಿರುಗುತ್ತಿದ್ದ ತಿಗರಿಗಳು ನಿಂತವು.

ಹಿರಿಯ ಪೇಟೆಗೆ ಹೋಗಿ ಸಾಹೇಬನ ಮುಂದೆ ನಿಂತ. "ಒಂದು ಮಾತೂ ಕೇಳದೆ ನಮ್ಮನ್ನು ಮುಳುಗಿಸಿಬಿಟ್ಟಿರಲ್ಲ ಸ್ವಾಮೀ!"

"ಕೇಳಿದೆನಲ್ಲ ಯಜಮಾನರೇ. ಒಂದೊಂದು ಮಾತಿಗೂ ನೀವು ಹೂಂ ಅಂದು ಒಪ್ಪಿದಿರಿ."

"ಅಯ್ಯೋ ನಮ್ಮಪ್ಪಾ! ಎದುರಿಗೊಬ್ಬರು ಮಾತಾಡುವಾಗ ಹೂಂಗುಟ್ಟದೆ ಕೂರೋಕೆ ನಾವೇನು ಗೋಡೆಗಳೇ? ಹೂಂ ಅಂದರೆ ಕೇಳಿಸಿಕೊಳ್ತಿದೀವಿ ಅಂತ. ಒಪ್ಪಿದೀವಿ ಅಂತಲ್ಲ."

ಸಾಹೇಬ ಬಹಳ ಮರುಗಿದ. ಕುರ್ಚಿ ಕೊಟ್ಟ, ಚಹಾ ತರಿಸಿದ. "ಈಗ ಹೇಳಿ," ಎಂದ.

"ಬೇಸಿಗೆಯಲ್ಲಿ ಒಂದೇ ಒಂದು ತಿಂಗಳು ನೀರು ಇಳಿಸಿ."

"ಹೂಂ."

"ನಮ್ಮ ಮಣ್ಣು ನಾವು ತಗೊಂಡುಬಿಡ್ತೀವಿ. ಇಲ್ಲದಿದ್ದರೆ ಕೇರಿಗೆ ಕೇರಿಯೇ ಗುಳೆ ಹೋಗಬೇಕಾಗುತ್ತೆ."

"ಹೂಂ, ಹೂಂ."

ಬ್ಯಾಂಕಿನವರ ಹೂಂ ಅಂದರೆ ಒಪ್ಪಿಗೆಯೇ, ಅವರ ಬಾಯಿಂದಲೇ ಕೇಳಿದೆನಲ್ಲ ಎಂದುಕೊಂಡು ಹಿರಿಯ ಖುಷಿಯಿಂದ ಊರಿಗೆ ಬಂದ. ಗುದ್ದಲಿಗಳಿಗೆ ಹೊಸ ಕಾವು ಹಾಕಿಸಿದರು. ಕತ್ತೆಗಳನ್ನು ಏರಿಯ ಮೇಲೆ ತಂದು ನಿಲ್ಲಿಸಿದರು. ಕತ್ತೆಗಳು ನಿಂತೇ ಇದ್ದವು. ನೀರು ಒಂದು ಬೆರಳೂ ಇಳಿಯಲಿಲ್ಲ.

ಹಿರಿಯ ಮತ್ತೆ ಹೋದ. "ಹೂಂ ಅಂದಿದ್ದಿರಲ್ಲ ಸ್ವಾಮೀ?"

ಸಾಹೇಬ ನಕ್ಕ. "ಕೇಳಿಸಿಕೊಳ್ತಿದೀನಿ ಅಂತ ಅಂದೆ ಯಜಮಾನರೇ. ಅದರ ಅರ್ಥ ನೀವೇ ತಾನೇ ಹೇಳಿಕೊಟ್ಟಿದ್ದು?"

ಕೇರಿ ಖಾಲಿಯಾಗುತ್ತಾ ಬಂತು. ಹಿರಿಯ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಸತ್ತ. ಹೆಣದ ಮುಂದೆ ಬೆಂಕಿ ಹಿಡಿದು ನಡೆಯಲು ಕುಂಬಾರನ ಮನೆಯಲ್ಲಿ ಒಂದು ಮಡಕೆಯೂ ಇರಲಿಲ್ಲ. ಪೇಟೆಯಿಂದ ಕೊಂಡು ತಂದರು.

ಇಷ್ಟು ಹೇಳಿ ಗುರು ಕಥೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಉಳಿದವರು ಮತ್ತೆ ಮತ್ತೆ ಹೋಗಿ ಕೇಳಿದರೆ ಒಂದಲ್ಲ ಒಂದು ದಿನ ಆ ಬ್ಯಾಂಕಿನವರು ನೀರು ಇಳಿಸುತ್ತಾರೆ, ಅಲ್ಲವೇ?"

"ಹೂಂ," ಎಂದರು ಗುರು.