ಲೈನ್‌ಮನ್ ಮನೆಗೆ ಒಂದು ಉಡುಗೊರೆ

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಗುರುವಿಗೊಂದು ಹೆಸರಿತ್ತು, ಆದರೆ ಸುತ್ತಿನ ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಶಿಷ್ಯನ ಹೆಸರು ಪಂಪಯ್ಯ.

ಮಠಕ್ಕೆ ಬರುವ ಮುಂಚೆ ಪಂಪಯ್ಯ ಹೊಸಪೇಟೆಯಲ್ಲಿ ಗಿಫ್ಟ್ ಅಂಗಡಿ ನಡೆಸುತ್ತಿದ್ದ. ಲೋಕದ ಆಸೆಗಳನ್ನೆಲ್ಲ ಬಿಟ್ಟು ಬಂದಿದ್ದ. ಅಭಿರುಚಿಯೊಂದನ್ನು ಬಿಡಲು ಆಗಿರಲಿಲ್ಲ. ಭಕ್ತರಿಗೆ ವಿಭೂತಿ ಗಟ್ಟಿ ಕೊಡುವಾಗಲೂ ಬಣ್ಣದ ಕಾಗದದಲ್ಲಿ ಸುತ್ತಿ, ರಿಬ್ಬನ್ ಕಟ್ಟಿಯೇ ಕೊಡುತ್ತಿದ್ದ.

ದೀಪಾವಳಿ ಹತ್ತಿರ ಬಂದಾಗ ಹೊಳೆಯಾಚೆಯ ಊರಿನಿಂದ ಹುಲಿಗೆಮ್ಮ ಎಂಬ ಹೆಂಗಸು ಬಂದಳು. ಪಾಡ್ಯದ ದಿನ ಅಜ್ಜಾರು ತಮ್ಮ ಹೊಸಮನೆಗೆ ಊಟಕ್ಕೆ ಬರಬೇಕೆಂದು ಕೇಳಿಕೊಂಡಳು.

ಕರೆಯುವಷ್ಟು ಕರೆದು, ಕಂಬಕ್ಕೊರಗಿ ಕೂತು ಅತ್ತಳು.

ಅವಳ ಗಂಡ ದೊಡ್ಡಬಸಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದವನು. ಜೀವಮಾನವೆಲ್ಲ ಬಾಡಿಗೆ ಮನೆಯಲ್ಲಿದ್ದು, ರಿಟೈರ್ ಆದಮೇಲೆ ಸ್ವಂತ ಮನೆ ಕಟ್ಟಿಸಿದ್ದ. ಗೋಡೆಗೆ ಹಾಲಿನ ಕೆನೆಯಂಥ ಬಣ್ಣ ಹೊಡೆಸಿದ್ದ. ಅಂದಿನಿಂದ ಅವನು ಆ ಮನೆಯ ಕಾವಲುಗಾರ. ಗೋಡೆಗೆ ಯಾರೂ ಒರಗುವಂತಿಲ್ಲ. ಮೊಳೆ ಹೊಡೆಯುವಂತಿಲ್ಲ. ಹೊಗೆ ಹಿಡಿಯುತ್ತದೆಂದು ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ. ಹುಲಿಗೆಮ್ಮ ಹಿತ್ತಲಲ್ಲಿ ತಗಡಿನ ಕೆಳಗೆ ಒಲೆ ಹೂಡಿ ಅಡಿಗೆ ಮಾಡುತ್ತಿದ್ದಳು.

ಬಾಡಿಗೆ ಮನೆಯಲ್ಲಾದರೂ ತನಗೊಂದು ಅಡಿಗೆಮನೆ ಇತ್ತು ಎಂದಳು. ಹಬ್ಬ ಮುಗಿಸಿ ಗಂಗಾವತಿಯ ತಂಗಿಯ ಮನೆಗೆ ಹೋಗಿಬಿಡುವುದಾಗಿ, ತಿರುಗಿ ಬರುವುದಿಲ್ಲವೆಂದು ಹೇಳಿ, ಕಣ್ಣು ಒರೆಸಿಕೊಂಡು ಹೋದಳು.

ಪಂಪಯ್ಯನ ಕಿವಿಗೆ ಇದರಲ್ಲೆಲ್ಲ ಬಿದ್ದದ್ದು ಹೊಸಮನೆ ಎಂಬ ಒಂದೇ ಮಾತು.

"ಅಜ್ಜಾರ, ಹೊಸಮನೆ ಅಂದಮೇಲೆ ಬರಿಗೈಲಿ ಹೋಗೋದು ಚಂದಲ್ಲ. ಉಡುಗೊರೆ ನನಗೆ ಬಿಡ್ರಿ," ಎಂದ.

"ಬಿಟ್ಟೀನಿ," ಎಂದರು ಅಜ್ಜಾರು.

ಪಂಪಯ್ಯ ಹೊಸಪೇಟೆಗೆ ಹೋಗಿ, ಹಳೆಯ ಗೆಳೆಯನ ಅಂಗಡಿಯಿಂದ ಒಪ್ಪದಿದ್ದರೆ ವಾಪಸ್ ತರುವ ಮಾತಿನ ಮೇಲೆ ಒಂದು ಹಿತ್ತಾಳೆಯ ಉರುಳಿ ತಂದ. ಅಗಲವಾದ ಬಾಯಿ, ಅಂಚಿನಲ್ಲಿ ನವಿಲುಗಳು.

ಅಜ್ಜಾರು ಅದನ್ನು ತಿರುಗಿಸಿ ನೋಡಿದರು. ಇದರಲ್ಲಿ ಏನು ಬೇಯಿಸುತ್ತಾರೆ ಎಂದು ಕೇಳಿದರು.

ಏನೂ ಬೇಯಿಸುವುದಿಲ್ಲ, ನೀರು ತುಂಬಿ ಹೂವಿನ ದಳ ತೇಲಿಬಿಟ್ಟು ನಡುಮನೆಯಲ್ಲಿ ಇಡುತ್ತಾರೆ ಎಂದ ಪಂಪಯ್ಯ.

"ಇಟ್ಟು?"

"ಬಂದವರು ನೋಡ್ತಾರ."

"ಸೊಳ್ಳೇನೂ ನೋಡ್ತಾವ," ಎಂದರು ಅಜ್ಜಾರು.

ಉರುಳಿ ವಾಪಸ್ ಹೋಯಿತು. ಈ ಸಲ ಗಾಜಿನ ಬಟ್ಟಲಲ್ಲಿ ಹುಯ್ದ ಮೇಣದ ದೀಪಗಳು ಬಂದವು. ಒಂದಕ್ಕೆ ಶ್ರೀಗಂಧದ ವಾಸನೆ, ಇನ್ನೊಂದಕ್ಕೆ ಮಲ್ಲಿಗೆಯದು.

ಅಜ್ಜಾರಿಗೆ ಇವು ಹಿಡಿಸಿದವು. ಕರೆಂಟ್ ಹೋದಾಗ ಅನುಕೂಲ ಎಂದರು.

ಪಂಪಯ್ಯ ಸಂಕೋಚದಿಂದ ತಿದ್ದಿದ. ಕರೆಂಟ್ ಹೋದಾಗ ಹಚ್ಚುವ ದೀಪಗಳಲ್ಲ ಇವು. ಕರೆಂಟ್ ಇದ್ದಾಗಲೇ ಎಲ್ಲ ಲೈಟು ಆರಿಸಿ, ಇವನ್ನು ಹಚ್ಚಿಕೊಂಡು ಕೂಡಬೇಕು.

"ಲೈನ್‌ಮನ್ ಮನೆಯಾಗ?" ಎಂದು ಕೇಳಿದರು ಅಜ್ಜಾರು.

ದೀಪಗಳೂ ವಾಪಸ್ ಹೋದವು.

ಕೊನೆಗೆ ಪಂಪಯ್ಯ ನವಲಗುಂದದ ಒಂದು ಜಮಖಾನ ತಂದ. ಕೆಂಪು, ಹಳದಿ, ನೀಲಿ. ಕೈಮಗ್ಗದ್ದು. ಹಾಸಿ ತೋರಿಸಿದಾಗ ಅಜ್ಜಾರು ಹೋಗಿ ಅದರ ಮೇಲೆ ಕೂತುಬಿಟ್ಟರು. ಪಂಪಯ್ಯ ಅವರನ್ನು ಮೆಲ್ಲಗೆ ಎಬ್ಬಿಸಿದ. ಈಗಿನ ರೂಢಿಯಲ್ಲಿ ಇದನ್ನು ನೆಲಕ್ಕೆ ಹಾಸುವುದಿಲ್ಲ, ಚಿತ್ರದ ಹಾಗೆ ಗೋಡೆಗೆ ತೂಗುಹಾಕುತ್ತಾರೆ ಎಂದು ತಿಳಿಸಿದ.

ಅಜ್ಜಾರು ಏನೂ ಅನ್ನಲಿಲ್ಲ. ಅದನ್ನು ಒಪ್ಪಿಗೆ ಎಂದು ತಿಳಿದ ಪಂಪಯ್ಯ, ಜಮಖಾನವನ್ನು ಸುರುಳಿ ಸುತ್ತಿ ರಿಬ್ಬನ್ ಕಟ್ಟಿದ.

ಪಾಡ್ಯದ ದಿನ ಅಜ್ಜಾರು ಹೊಳೆಯಲ್ಲಿ ಸ್ನಾನ ಮಾಡಿ, ಒದ್ದೆ ಪಂಜೆಯನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು ಹರಿಗೋಲು ಹತ್ತಿದರು. ಪಂಪಯ್ಯ ಜಮಖಾನವನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ.

ದೊಡ್ಡಬಸಪ್ಪ ಬೀದಿಯಲ್ಲೇ ಚೊಂಬು ಹಿಡಿದು ನಿಂತಿದ್ದ. ಅಜ್ಜಾರ ಪಾದ ತೊಳೆದ. ಭಕ್ತಿಯಿಂದ ತೊಳೆದ, ಆಮೇಲೆ ಅನುಮಾನದಿಂದ ಇನ್ನೊಮ್ಮೆ ತೊಳೆದ.

ಒಳಗೆ ಮನೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಕೂಡಲು ಜಾಗವಿರಲಿಲ್ಲ. ಗೃಹಪ್ರವೇಶಕ್ಕೆ ಬಂದವರು ಕೊಟ್ಟ ಗಡಿಯಾರಗಳು, ದೇವರ ಪಟಗಳು, ಕನ್ನಡಿಗಳು ಎಲ್ಲ ನೆಲದ ಮೇಲೆಯೇ ಇದ್ದವು. ಯಾವುದನ್ನೂ ಗೋಡೆಗೆ ಹಾಕಿರಲಿಲ್ಲ. ಗಡಿಯಾರಗಳು ಮಾತ್ರ ಬಿದ್ದಲ್ಲೇ ನಡೆಯುತ್ತಿದ್ದವು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು.

ಪಂಪಯ್ಯ ಜಮಖಾನ ಕೊಟ್ಟು, ಗೋಡೆಗೆ ತೂಗುಹಾಕಿದರೆ ಚೆಂದ ಎಂದ. ದೊಡ್ಡಬಸಪ್ಪ ಕೈಮುಗಿದು ಅದನ್ನು ತೆಗೆದುಕೊಂಡ. ಗಡಿಯಾರಗಳ ಪಕ್ಕದಲ್ಲಿ ಒಯ್ದು ಇಟ್ಟ.

ಹುಲಿಗೆಮ್ಮ ಹಿತ್ತಲಿನಿಂದ ಇಣುಕಿ ನಮಸ್ಕಾರ ಮಾಡಿದಳು. ಬಾಗಿಲ ಸಂದಿಯಲ್ಲಿ ಅವಳ ಬಟ್ಟೆಯ ಗಂಟು ಕಾಣುತ್ತಿತ್ತು.

ಅಜ್ಜಾರು ನಿಂತೇ ಇದ್ದರು. ದೊಡ್ಡಬಸಪ್ಪ ನೆಲವನ್ನೇ ನೋಡುತ್ತಿದ್ದ. ಅವರ ಹೆಗಲ ಪಂಜೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಜ್ಜಾರು ಅವನ ಬಳಿ ಸುತ್ತಿಗೆ ಇದೆಯೇ ಎಂದು ಕೇಳಿದರು. ಇಲ್ಲದೆ ಏನು, ಲೈನ್‌ಮನ್ ಅಲ್ಲವೇ ತಾನು ಎಂದ ದೊಡ್ಡಬಸಪ್ಪ. ಪೂಜೆಗೆ ಕೇಳುತ್ತಿದ್ದಾರೆಂದು ತಿಳಿದ. ಸುತ್ತಿಗೆಯನ್ನು ತೊಳೆದು, ಕುಂಕುಮ ಹಚ್ಚಿ, ತಟ್ಟೆಯಲ್ಲಿಟ್ಟು ತಂದ. ಜೊತೆಗೊಂದು ಮೊಳೆಯೂ ಇರಲಿ ಎಂದರು ಅಜ್ಜಾರು. ಅದಕ್ಕೂ ಕುಂಕುಮ ಹಚ್ಚಿ ತಂದ.

ಅಜ್ಜಾರು ಎರಡನ್ನೂ ಕಣ್ಣಿಗೊತ್ತಿಕೊಂಡರು. ನಡುಮನೆಯ ನಡುಗೋಡೆಯ ಹತ್ತಿರ ಹೋದರು. ಮೊಳೆ ಇಟ್ಟರು. ಹೊಡೆದರು.

ಮೊದಲ ಏಟು ಗೋಡೆಗೆ ಬಿತ್ತು. ಎರಡನೆಯದು ಹೆಬ್ಬೆರಳಿಗೆ. ಮೂರನೆಯದಕ್ಕೆ ಮೊಳೆ ಸೊಟ್ಟಗೆ ಒಳಗೆ ಹೋಯಿತು, ಅಂಗೈಯಗಲ ಗಿಲಾವು ಹೊರಗೆ ಬಂತು. ಕೆನೆಬಣ್ಣದ ನಡುವೆ ಇಟ್ಟಿಗೆ ಕೆಂಪಗೆ ಕಂಡಿತು.

ಆ ಸೊಟ್ಟ ಮೊಳೆಗೆ ಅಜ್ಜಾರು ಒದ್ದೆ ಪಂಜೆ ತೂಗುಹಾಕಿದರು.

ಪಂಪಯ್ಯ ಕಣ್ಣು ಮುಚ್ಚಿಕೊಂಡ. ದೊಡ್ಡಬಸಪ್ಪ ಕೆಳಗೆ ಕೂತು, ಉದುರಿದ ಚೂರುಗಳನ್ನು ಪ್ರಸಾದದಂತೆ ಅಂಗೈಯಲ್ಲಿ ಆಯ್ದುಕೊಂಡ. ಬೇರೆ ಯಾರೇ ಆಗಿದ್ದರೂ ಅವನ ಬಳಿ ಮಾತಿತ್ತು.

"ಬಾಳ ಕೆಟ್ಟಿತೇನಪ್ಪ?" ಎಂದು ಕೇಳಿದರು ಅಜ್ಜಾರು, ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು.

"ಇಲ್ರಿ ಅಜ್ಜಾರ," ಎಂದ ದೊಡ್ಡಬಸಪ್ಪ. ಅವನ ಕಣ್ಣಲ್ಲಿ ನೀರಿತ್ತು.

ಆಗ ಹಿತ್ತಲ ಬಾಗಿಲಲ್ಲಿ ಯಾರೋ ನಕ್ಕರು. ಹುಲಿಗೆಮ್ಮ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ನಗುತ್ತ ನಗುತ್ತ ಒಳಗೆ ಬಂದು ಆ ಗೋಡೆಯನ್ನು ನೋಡಿದಳು, ಅದಕ್ಕೇ ಒರಗಿಕೊಂಡು ನಕ್ಕಳು. ಆ ಮನೆಯಲ್ಲಿ ಗೋಡೆಗೊರಗಿದ ಮೊದಲ ಬೆನ್ನು ಅವಳದು.

ಆಮೇಲೆ ಹಿತ್ತಲಿಗೆ ಹೋಗಿ ಬಾಣಲೆ ತಂದಳು. ಗಂಡನ ಮುಂದೆಯೇ ಹಾದು ಅಡಿಗೆಮನೆಗೆ ಹೋದಳು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು. ಘಾಟು ನಡುಮನೆಗೆ ಬಂದು ಅಜ್ಜಾರು ಸೀನಿದರು, ಪಂಪಯ್ಯ ಸೀನಿದ, ಎಲ್ಲರಿಗಿಂತ ಜೋರಾಗಿ ದೊಡ್ಡಬಸಪ್ಪ ಸೀನಿದ. ಸೀನಿದ ರಭಸಕ್ಕೆ ಕೈಯಲ್ಲಿದ್ದ ಗಿಲಾವಿನ ಚೂರುಗಳೆಲ್ಲ ಚೆಲ್ಲಿಹೋದವು. ಅವನು ಅವನ್ನು ಮತ್ತೆ ಆಯಲಿಲ್ಲ.

ಎದ್ದು ಒಳಗೆ ಹೋಗಿ ಟ್ರಂಕು ತೆರೆದ. ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಫೋಟೋ ತಂದ. ಅವನ ತಾಯಿಯದು. ಮನೆಗೆ ಬಂದಂದಿನಿಂದ ಅವಳೂ ಟ್ರಂಕಿನಲ್ಲೇ ಇದ್ದಳು.

ಇನ್ನೊಂದು ಮೊಳೆ ತೆಗೆದುಕೊಂಡು, ಅಡಿಗೆಮನೆಯ ಕಡೆ ತಿರುಗಿ ಕೇಳಿದ.

"ಅವ್ವನ್ನ ಎಲ್ಲಿ ಹಾಕಲಿ?"

ಹುಲಿಗೆಮ್ಮ ಸೌಟು ಹಿಡಿದೇ ಬಂದು ಜಾಗ ತೋರಿಸಿದಳು. ಅವನು ಹೊಡೆದ. ಒಂದೇ ಏಟಿಗೆ ಮೊಳೆ ಗೆರೆ ಎಳೆದಂತೆ ನೇರವಾಗಿ ಕೂತಿತು.

ಊಟಕ್ಕೆ ಪಂಪಯ್ಯನ ಜಮಖಾನವನ್ನು ನೆಲಕ್ಕೇ ಹಾಸಿದರು. ಅದರ ಮೇಲೆ ಸಾರು ಚೆಲ್ಲಿತು. ಪಂಪಯ್ಯನ ಎಲೆಯಿಂದಲೇ ಚೆಲ್ಲಿತು.

ಹೊರಡುವಾಗ ಗಂಡಹೆಂಡಿರು ಹೊಳೆಯವರೆಗೂ ಬಂದು ಕಳಿಸಿದರು. ಅಡಿಗೆಮನೆಯ ಗೋಡೆಗೆ ಒಂದು ಹಲಗೆ ಬೇಕೆಂದು ಹೆಂಡತಿ, ಎಷ್ಟು ಎತ್ತರಕ್ಕೆಂದು ಗಂಡ, ದಾರಿಯುದ್ದಕ್ಕೂ ವಾದಿಸುತ್ತಲೇ ಇದ್ದರು. ಗಂಗಾವತಿಯ ಮಾತು ಬರಲಿಲ್ಲ.

ಹರಿಗೋಲು ನಡುಹೊಳೆಗೆ ಬಂದಾಗ ಪಂಪಯ್ಯ ಕೈಮುಗಿದ.

ಇಷ್ಟು ವರ್ಷ ಉಡುಗೊರೆ ಮಾರಿದರೂ ಉಡುಗೊರೆ ಎಂದರೇನೆಂದು ತನಗೆ ತಿಳಿದಿರಲಿಲ್ಲ ಎಂದ. ಆ ಸೊಟ್ಟ ಮೊಳೆಯಲ್ಲಿ ಎಂಥ ಯೋಚನೆ ಇತ್ತು, ಆ ಉದುರಿದ ಗಿಲಾವಿನಲ್ಲಿ ಎಂಥ ಕರುಣೆ ಇತ್ತು ಎಂದು ಬಹಳ ಹೊತ್ತು ಹೊಗಳಿದ.

"ಅಷ್ಟು ಸೊಟ್ಟಗ ಹೊಡೀಬೇಕಂತ ಮೊದಲೇ ಅನ್ಕೊಂಡಿದ್ರೇನ್ರಿ ಅಜ್ಜಾರ?"

ಅಜ್ಜಾರು ಊದಿದ ಹೆಬ್ಬೆರಳನ್ನು ಹೊಳೆಯ ನೀರಿನಲ್ಲಿ ಅದ್ದಿ ಹಿಡಿದಿದ್ದರು.

"ನೆಟ್ಟಗ ಹೊಡೀಬೇಕಂತಲೇ ಇದ್ದೆ, ತಮ್ಮಾ," ಎಂದರು. "ಕೊಡೋನ ಕೈಯಾಗ ಅಷ್ಟೇ ಇರೋದು. ಉಳಿದದ್ದು ತಗೊಳ್ಳೋರ ಕೈಯಾಗ."